ಕಾರಣ: ಇತರೆ

ಮೊದಲೆಲ್ಲ ಕಳ್ಳತನಕ್ಕೊಂದು ಕೈ ಇರುತ್ತಿತ್ತು.
ರಬ್ಬರು ಉಜ್ಜಿದ ಕಡೆ ಹಾಳೆ ತೆಳ್ಳಗಾಗಿ
ದೀಪಕ್ಕೆ ಹಿಡಿದರೆ ಬೆಳಕು ಸೋರುತ್ತಿತ್ತು.
ಏಳರ ಸೊಂಟಕ್ಕೆ ಅಡ್ಡಗೆರೆ ಎಳೆಯುವುದು ನಮ್ಮ ರೂಢಿ;
ಒಂದನ್ನು ತಿದ್ದಿ ಏಳು ಮಾಡಿದವನೊಬ್ಬ
ಆ ಗೆರೆಯನ್ನು ಬೇರೆ ಶಾಯಿಯಲ್ಲಿ ಎಳೆದಿದ್ದ.
ಅಷ್ಟು ಸಾಕಾಗಿತ್ತು ನನಗೆ, ತೊಂಬತ್ತೇಳರಲ್ಲಿ.

ಈಗ ರೀಗಾದ ಈ ನಾಲ್ಕನೆಯ ಮಹಡಿಯಲ್ಲಿ
ನನ್ನ ಮೇಜಿನ ಮೇಲಿರುವುದು ಒಂದು ಧ್ವನಿ.
ಹದಿನೆಂಟು ಸೆಕೆಂಡು.
ಮರದ ದಿಮ್ಮಿ ಸಾಗಿಸುವ ಕಂಪನಿಯ ಯಜಮಾನ
ಗುನ್ವಾಲ್ಡಿಸ್ ತನ್ನ ಗುಮಾಸ್ತನಿಗೆ ಹೇಳುತ್ತಾನೆ:
ಓಯಾರ್ಸ್, ಹೊಸ ಖಾತೆ, ಇವತ್ತೇ ಆಗಬೇಕು,
ಯಾರಿಗೂ ಹೇಳಬೇಡ.
ಹೇಳಿದವನು ಗುನ್ವಾಲ್ಡಿಸ್ ಅಲ್ಲ.
ಮೇಳವೊಂದರಲ್ಲಿ ಅವನು ಮಾಡಿದ ಭಾಷಣವನ್ನು
ಯಾರೋ ಇಳಿಸಿಕೊಂಡು, ಕತ್ತರಿಸಿ,
ಹೊಸದೊಂದು ಗಂಟಲು ಹೊಲಿದಿದ್ದಾರೆ.
ಕೆಮ್ಮು ಕೂಡ ಅವನದೇ.

ದುಡ್ಡು?
ವಿಲ್ನಿಯಸ್, ನಿಕೋಸಿಯ, ಆಮೇಲೆ ಇನ್ನೆಲ್ಲೋ,
ಆಮೇಲೆ ಹೆಸರಿಲ್ಲದ ನಲವತ್ತು ಜೇಬು.
ನಾನು ಚಹಾಕ್ಕೆ ಸಕ್ಕರೆ ಕಲಕುವಷ್ಟರಲ್ಲಿ ಆರು ದೇಶ.
ನನ್ನ ನೋಟಿಸು ಒಂದು ಗಡಿ ದಾಟುವುದಕ್ಕೆ
ಮೂರು ವಾರ, ಎರಡು ಮೊಹರು,
ಪ್ರಮಾಣವಚನ ಸ್ವೀಕರಿಸಿದ ಒಬ್ಬ ಅನುವಾದಕ.

ಯಂತ್ರ ನಮ್ಮಲ್ಲೂ ಇದೆ, ಇಲ್ಲವೆಂದಲ್ಲ.
ಪ್ರತಿ ಪಾವತಿಗೂ ಅನುಮಾನದ ಅಂಕ ಕೊಡುತ್ತದೆ.
ಇದಕ್ಕೆ ಕೊಟ್ಟಿದ್ದು ನೂರಕ್ಕೆ ಹನ್ನೊಂದು.
ಅದರ ತಪ್ಪಲ್ಲ ಮೇಡಂ, ಅನ್ನುತ್ತಾನೆ ಹುಡುಗ ರೈತಿಸ್,
ಬೆರಳಚ್ಚು ಗುಮಾಸ್ತನದೇ, ಕಂಪ್ಯೂಟರು ಅವನದೇ,
ಹೊತ್ತು ಬೆಳಗಿನ ಹತ್ತು. ಎಲ್ಲ ಸರಿಯಾಗಿಯೇ ಇತ್ತು.
ಅದೇ ದಿನ, ಮಗಳಿಗೆ ಹಳೆಯ ಪಿಯಾನೋ ಕೊಂಡ ದಾದಿಗೆ
ತೊಂಬತ್ನಾಲ್ಕು ಕೊಟ್ಟು
ಅವಳ ಸಂಬಳವನ್ನು ಕಟ್ಟಿಹಾಕಿತ್ತು.

ನಿನ್ನೆ ಇದೇ ಕುರ್ಚಿಯಲ್ಲಿ ನಿಜವಾದ ಗುನ್ವಾಲ್ಡಿಸ್ ಕೂತಿದ್ದ.
ಧ್ವನಿ ನನ್ನದೇ, ಹೆಂಡತಿಯೂ ಮೋಸ ಹೋದಾಳು, ಎಂದ.
ಮರುಗಳಿಗೆಯೇ ಮೇಜು ಗುದ್ದಿದ:
ಆ ಮುದುಕನಿಗೇನು ಕಿವಿ ಇರಲಿಲ್ಲವೆ?

ಇವತ್ತು ಮುದುಕ ಬಂದ.
ಉಣ್ಣೆಯ ಟೊಪ್ಪಿಗೆ ಕೈಯಲ್ಲಿ, ಅದರ ಹಿಮ ಕರಗಿ
ನನ್ನ ಕಡತದ ಮೇಲೆ ಎರಡು ಹನಿ.
ಮೂವತ್ತೊಂದು ವರ್ಷದ ಲೆಕ್ಕದಲ್ಲಿ
ಒಂದು ಸೆಂಟೂ ಆಚೀಚೆಯಾಗಿಲ್ಲವಂತೆ. ನಾನೂ ನೋಡಿದೆ. ಆಗಿಲ್ಲ.

ತುರ್ತು, ಗುಟ್ಟು, ಹೊಸ ಖಾತೆ:
ಮೂರೂ ಕೂಡಿದರೆ ನಿಲ್ಲಿಸಬೇಕೆಂದು ತರಬೇತಿಯಲ್ಲಿ ಹೇಳಿದ್ದರಲ್ಲ?
ಹೇಳಿದ್ದರು.
ಮತ್ತೆ?

ಇನ್ನೊಮ್ಮೆ ಹಾಕಿ, ಎಂದ.
ಹನ್ನೊಂದನೆಯ ಸೆಕೆಂಡಿಗೆ ಬೆರಳೆತ್ತಿದ.
ಅಲ್ಲಿ.
ಲೂಡ್ಜು.

ಮೂವತ್ತೊಂದು ವರ್ಷ, ಮೇಡಂ,
ಒಂದು ದಿನವೂ ನನಗೆ ದಯವಿಟ್ಟು ಅಂದವರಲ್ಲ ಅವರು.
ವಯಸ್ಸಾಯಿತು, ಮೆತ್ತಗಾದರು ಅಂದುಕೊಂಡೆ.
ನನಗೂ ಒಂಥರಾ ಆಯಿತು.
ಕೂಡಲೇ ಕಳಿಸಿಬಿಟ್ಟೆ.

ಬಂದಿದ್ದಕ್ಕೆ ಥ್ಯಾಂಕ್ಸ್ ಎಂದೆ, ಅಭ್ಯಾಸಬಲ.
ನಮ್ಮ ಭಾಷೆಯಲ್ಲಿ ಬೇಡುವುದಕ್ಕೂ ಅದೇ ಪದ,
ಪರವಾಗಿಲ್ಲ ಬಿಡಿ ಎನ್ನುವುದಕ್ಕೂ ಅದೇ.
ತುಟಿಯವರೆಗೆ ತಂದವನು
ನುಂಗಿಕೊಂಡು, ಟೊಪ್ಪಿಗೆ ಹಾಕಿಕೊಂಡು ಹೋದ.

ಈಗ ನಮೂನೆ ತುಂಬಬೇಕು.
ಪಾವತಿಗೆ ಒಪ್ಪಿಗೆ ಕೊಟ್ಟ ಕಾರಣ, ಒಂದನ್ನು ಆರಿಸಿ:
ನಿರ್ಲಕ್ಷ್ಯ. ಶಾಮೀಲು. ತರಬೇತಿಯ ಕೊರತೆ. ಇತರೆ.
ಇತರೆ ಒತ್ತಿದರೆ ಕಿಟಕಿಯೊಂದು ತೆರೆಯುತ್ತದೆ,
ನಲವತ್ತು ಅಕ್ಷರದಷ್ಟು ಅಗಲ.

ದಯವಿಟ್ಟು ಎಂದಿತು, ಎಂದು ಬರೆದೆ.
ಕೆಳಗೆ ಕೆಂಪು ಗೆರೆ:
ವಾಕ್ಯದಲ್ಲಿ ಕರ್ತೃ ಇಲ್ಲ. ಯಾರು?

ಹೊರಗೆ ದೌಗಾವಾ ಹೆಪ್ಪುಗಟ್ಟಿದೆ.
ನಾನಿನ್ನೂ ಆ ಗೆರೆಯನ್ನೇ ನೋಡುತ್ತಿದ್ದೇನೆ,
ಶಾಯಿ ಬೇರೆಯೇನಾದರೂ ಇದ್ದೀತೇ ಎಂದು.